ಪೆಡಸಾದ ರಕ್ತನಾಳ, ಕುಗ್ಗಿದ ನಿಮಿರು

ಶಿಶ್ನ ಸರಿಯಾಗಿ ನಿಮಿರದ ಗಂಡಸರ ತೊಂದರೆಗೆ ಮೈಸೂರು, ಮಂಡ್ಯದ ಕಡೆ ಇರುವ ಹೆಸರು ‘ನರ ದೌರ್ಬಲ್ಯ’. ಗೋಡೆ ಬರಹದಲ್ಲಿ, ಬಸ್ಸಿನೊಳಗೆ ಹಂಚುವ ಕರಪತ್ರದಲ್ಲಿ, ವಾರಕ್ಕೊಮ್ಮೆ ಲಾಡ್ಜಿನ ರೂಮಿಗೆ ಬಂದು ಕೂರುವ ‘ಗುಪ್ತರೋಗ ತಜ್ಞ’ರ ಬಾಯಲ್ಲಿ ಎಲ್ಲೆಲ್ಲೂ ಅದೇ ಮಾತು. ಹೆಸರು ತಪ್ಪಿದ್ದರಿಂದ ಔಷಧಿಯೂ ದಾರಿ ತಪ್ಪಿದೆ. ನಲವತ್ತು ದಾಟಿದ ಮೇಲೆ ನಿಧಾನವಾಗಿ ಶುರುವಾಗುವ ನಿಮಿರುವಿಕೆಯ ತೊಂದರೆಯಲ್ಲಿ ದೊಡ್ಡ ಪಾಲು ನರದ್ದಲ್ಲ, ರಕ್ತನಾಳದ್ದು. ಆ ರಕ್ತನಾಳ ಹೃದಯದಿಂದ ಹೊರಟದ್ದೇ ಆದ್ದರಿಂದ, ಹಾಸಿಗೆಯಲ್ಲಿ ಕಂಡ ತೊಂದರೆಯನ್ನು ಹಾಸಿಗೆಗಷ್ಟೇ ಸೇರಿದ್ದು ಎಂದು ಬಿಟ್ಟುಬಿಡುವಂತಿಲ್ಲ.

ನಿಮಿರುವುದೆಂದರೆ ರಕ್ತ ತುಂಬಿ ನಿಲ್ಲುವುದು. ಶಿಶ್ನದ ಉದ್ದಕ್ಕೂ ಸ್ಪಂಜಿನಂಥ ಎರಡು ಕೊಳವೆಗಳಿವೆ. ಅವುಗಳ ಒಳಗೆಲ್ಲ ಸಣ್ಣ ಸಣ್ಣ ಗೂಡು, ಗೂಡಿನ ಗೋಡೆಯಲ್ಲಿ ನಯವಾದ ಸ್ನಾಯು. ಮಾಮೂಲು ಹೊತ್ತಿನಲ್ಲಿ ಈ ಸ್ನಾಯು ಬಿಗಿಹಿಡಿದುಕೊಂಡೇ ಇರುತ್ತದೆ, ಹಾಗಾಗಿ ಗೂಡಿಗೆ ಬರುವ ರಕ್ತ ಅಷ್ಟಕ್ಕಷ್ಟೆ. ಆಸೆ ಹುಟ್ಟಿದಾಗ ನರದ ತುದಿಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಅತಿ ಸೂಕ್ಷ್ಮ ಪ್ರಮಾಣದಲ್ಲಿ ಬಿಡುತ್ತವೆ. ಅದರಿಂದ ಸ್ನಾಯುವಿನೊಳಗೆ ಸೈಕ್ಲಿಕ್ ಜಿಎಂಪಿ ಎಂಬ ರಾಸಾಯನಿಕ ಏರುತ್ತದೆ, ಸ್ನಾಯು ಸಡಿಲವಾಗುತ್ತದೆ, ರಕ್ತ ನುಗ್ಗುತ್ತದೆ. ನುಗ್ಗಿದ ರಕ್ತ ಉಜ್ಜಿಕೊಂಡು ಹೋಗುವಾಗ ರಕ್ತನಾಳದ ಒಳಪದರವೂ ತನ್ನ ಪಾಲಿನ ನೈಟ್ರಿಕ್ ಆಕ್ಸೈಡನ್ನು ಬಿಡುತ್ತದೆ. ನಿಮಿರು ಶುರುವಾಗುವುದು ನರದ ಕಂತಿನಿಂದಾದರೆ, ಉಳಿದು ನಿಲ್ಲುವುದು ಮುಖ್ಯವಾಗಿ ಈ ಎರಡನೆಯ ಕಂತಿನಿಂದ. ಗೂಡುಗಳು ಉಬ್ಬಿ ಹೊರಗಿನ ಗಟ್ಟಿ ಪೊರೆಗೆ ಒತ್ತಿಕೊಂಡಾಗ ನಡುವೆ ಸಿಕ್ಕ ಸಿರೆಗಳು ಅಮುಕಿಕೊಂಡು ಮುಚ್ಚುತ್ತವೆ, ಬಂದ ರಕ್ತಕ್ಕೆ ಹೊರದಾರಿ ಇಲ್ಲವಾಗುತ್ತದೆ. ಪೂರ್ತಿ ನಿಮಿರಿದಾಗ ಒಳಗಿನ ಒತ್ತಡ ಸುಮಾರು 100 ಮಿ.ಮೀ. ಪಾದರಸದಷ್ಟಿರುತ್ತದೆ.

ನೈಟ್ರಿಕ್ ಆಕ್ಸೈಡ್ ರಕ್ತನಾಳಕ್ಕೆ ಹೀಗೆ ಸಂದೇಶ ಒಯ್ಯುತ್ತದೆ ಎಂದು ತೋರಿಸಿದ್ದಕ್ಕೆ ರಾಬರ್ಟ್ ಫರ್ಚ್‌ಗಾಟ್, ಲೂಯಿ ಇಗ್ನಾರೊ, ಫೆರಿಡ್ ಮುರಾಡ್ ಅವರಿಗೆ 1998ರಲ್ಲಿ ನೊಬೆಲ್ ಬಂತು. ನಿಮಿರುವಿಕೆಗೆ ಕೊಡುವ ಸಿಲ್ಡೆನಫಿಲ್ (ವಯಾಗ್ರ) ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದೂ ಅದೇ ವರ್ಷ. ಆ ಮಾತ್ರೆಯನ್ನು ಮೊದಲು ಪರೀಕ್ಷೆಗೆ ಒಡ್ಡಿದ್ದು ಎದೆನೋವಿಗೆ. ಹೃದಯ, ಶಿಶ್ನ ಎರಡೂ ಒಂದೇ ಕೊಳವೆ ಸಾಲಿನ ಕಥೆ.

ಹೂಳು ಬೇರೆ, ಪೆಡಸು ಬೇರೆ

ರಕ್ತನಾಳದ ಕಾಯಿಲೆ ಎಂದ ಕೂಡಲೇ ಎಲ್ಲರಿಗೂ ‘ಬ್ಲಾಕ್’ ನೆನಪಾಗುತ್ತದೆ. ನಾಲೆಯಲ್ಲಿ ಹೂಳು ತುಂಬಿದ ಹಾಗೆ ನಾಳದ ಒಳಗೆ ಕೊಬ್ಬು ಕೂತು ದಾರಿ ಕಿರಿದಾಗುವುದು ಅದು. ಪೆಡಸು ಎಂಬುದು ಇನ್ನೊಂದು. ದಾರಿ ಅಷ್ಟೇ ಅಗಲ ಇರಬಹುದು, ಆದರೆ ಗೋಡೆ ತನ್ನ ಹಿಗ್ಗುವ ಗುಣ ಕಳೆದುಕೊಂಡಿರುತ್ತದೆ. ಎರಡೂ ಒಟ್ಟಿಗೆ ಬರುವುದುಂಟು. ಆದರೆ ಒಂದೂ ಬ್ಲಾಕ್ ಇಲ್ಲದೆ ಆಂಜಿಯೋಗ್ರಾಂ ಚೆನ್ನಾಗಿ ಬಂದವರಲ್ಲೂ ಪೆಡಸು ಇರಬಲ್ಲದು.

ಹಿಗ್ಗುವ ಗುಣದಿಂದ ಏನು ಪ್ರಯೋಜನ ಎಂಬುದು ಭತ್ತಕ್ಕೆ ಔಷಧಿ ಹೊಡೆಯುವ ಬೆನ್ನಿನ ಪಂಪನ್ನು ನೋಡಿದವರಿಗೆ ಬೇಗ ತಿಳಿಯುತ್ತದೆ. ಕೈ ಹಿಡಿಯನ್ನು ಮೇಲೆ ಕೆಳಗೆ ಆಡಿಸುವುದು ತಡೆದು ತಡೆದು. ಆದರೆ ನಾಜಲ್‌ನಿಂದ ಔಷಧಿ ಬರುವುದು ಒಂದೇ ಸಮನೆ, ಮಂಜಿನಂತೆ. ಕಾರಣ ಒಳಗಿನ ಒತ್ತಡದ ಡಬ್ಬಿ. ಹಿಡಿ ಒತ್ತಿದಾಗ ಡಬ್ಬಿಯ ಗಾಳಿ ಅಮುಕಿಕೊಳ್ಳುತ್ತದೆ, ಹಿಡಿ ಮೇಲೆದ್ದಾಗ ಅದೇ ಗಾಳಿ ಹಿಗ್ಗಿ ಔಷಧಿಯನ್ನು ತಳ್ಳುತ್ತಲೇ ಇರುತ್ತದೆ. ಡಬ್ಬಿಯಲ್ಲಿ ಗಾಳಿ ನಿಲ್ಲದಿದ್ದರೆ ನಾಜಲ್‌ನಲ್ಲಿ ಔಷಧಿ ಚಿರ್, ಚಿರ್ ಎಂದು ಎರಚುತ್ತದೆ. ಒತ್ತಿದಾಗ ಅತಿ, ಬಿಟ್ಟಾಗ ಏನೂ ಇಲ್ಲ.

ದೇಹದಲ್ಲಿ ಆ ಡಬ್ಬಿಯ ಕೆಲಸ ಮಾಡುವುದು ಹೃದಯದಿಂದ ಹೊರಡುವ ಮಹಾಪಧಮನಿ. ಹೃದಯ ಹಿಂಡಿದಾಗ ಅದು ಉಬ್ಬಿ ರಕ್ತದ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ, ಹೃದಯ ವಿರಮಿಸುವಾಗ ಕುಗ್ಗಿ ಆ ಪಾಲನ್ನು ಮುಂದಕ್ಕೆ ತಳ್ಳುತ್ತದೆ. ಉಬ್ಬಲು ಬೇಕಾದ ಎಲಾಸ್ಟಿನ್ ಎಂಬ ನಾರು ಬಹುಪಾಲು ಗರ್ಭದಲ್ಲಿ, ಎಳವೆಯಲ್ಲಿ ತಯಾರಾಗಿ ಮುಗಿಯುತ್ತದೆ. ಆಮೇಲೆ ಹೊಸದು ಹೆಚ್ಚುಕಡಿಮೆ ಹುಟ್ಟುವುದಿಲ್ಲ. ನಿಮಿಷಕ್ಕೆ 70 ಬಡಿತವೆಂದರೆ ದಿನಕ್ಕೆ 1 ಲಕ್ಷ, 50 ವರ್ಷಕ್ಕೆ ಸುಮಾರು 184 ಕೋಟಿ ಸಲ ಅದೇ ನಾರು ಎಳೆದು ಬಿಡಬೇಕು. ಎಲ್ಲೆಲ್ಲಿ ಎಲಾಸ್ಟಿನ್ ಎಳೆ ಹರಿಯುತ್ತದೋ ಅಲ್ಲೆಲ್ಲ ಭಾರ ಕೊಲಾಜೆನ್ ಎಂಬ ಗಟ್ಟಿ ನಾರಿನ ಮೇಲೆ ಬೀಳುತ್ತದೆ. ಕೊಲಾಜೆನ್ ಹಗ್ಗದ ಹಾಗೆ. ತಡೆಯುತ್ತದೆ, ಹಿಗ್ಗುವುದಿಲ್ಲ.

ವಯಸ್ಸಾದ ಹಾಗೆ ಎಲ್ಲರಿಗೂ ಇದು ಸ್ವಲ್ಪ ಆಗಿಯೇ ಆಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ವೇಗ ಹೆಚ್ಚು. ರಕ್ತದ ಗ್ಲೂಕೋಸ್ ಪ್ರೋಟೀನಿಗೆ ಅಂಟಿಕೊಳ್ಳುವುದು ಇದಕ್ಕೆ ಒಂದು ಮುಖ್ಯ ಕಾರಣ. ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ಗೆ ಎಷ್ಟು ಅಂಟಿದೆ ಎಂದು ಅಳೆಯುವುದೇ ಎಚ್‌ಬಿಎ1ಸಿ ಪರೀಕ್ಷೆ. ಕೆಂಪು ಕಣಕ್ಕೆ ಆಯಸ್ಸು ಸುಮಾರು 120 ದಿನ, ಹಾಗಾಗಿ ಆ ಲೆಕ್ಕ ಮೂರು ನಾಲ್ಕು ತಿಂಗಳಿಗೆ ಅಳಿಸಿಹೋಗುತ್ತದೆ. ರಕ್ತನಾಳದ ಕೊಲಾಜೆನ್ ಮಾತ್ರ ವರ್ಷಗಟ್ಟಲೆ ಹಾಗೇ ಇರುತ್ತದೆ. ಅದಕ್ಕೆ ಅಂಟಿದ ಸಕ್ಕರೆ ಎಳೆ ಎಳೆಗೆ ಗಂಟು ಹಾಕುತ್ತ ಹೋಗುತ್ತದೆ. ಐದು ವರ್ಷ ಶುಗರ್ ಹತೋಟಿ ತಪ್ಪಿ, ಆಮೇಲೆ ಮೂರು ತಿಂಗಳು ಪಥ್ಯ ಮಾಡಿ ‘ರಿಪೋರ್ಟ್ ನಾರ್ಮಲ್ ಬಂತು’ ಎಂದವರಿಗೂ ತೊಂದರೆ ಮುಂದುವರಿಯುವುದಕ್ಕೆ ಇದೊಂದು ಕಾರಣ. ಮೂತ್ರಪಿಂಡ ಕೆಟ್ಟವರಲ್ಲಿ ಗೋಡೆಯ ನಡುಪದರಕ್ಕೆ ಸುಣ್ಣದಂಶವೂ ಸೇರಿಕೊಳ್ಳುತ್ತದೆ.

ಮಹಾಪಧಮನಿ ಪೆಡಸಾದರೆ ನಾಡಿಯ ಅಲೆ ಜೋರಾಗಿ ಓಡುತ್ತದೆ. ಆರೋಗ್ಯವಂತ ಯುವಕನಲ್ಲಿ ಅದರ ವೇಗ ಸೆಕೆಂಡಿಗೆ 5ರಿಂದ 7 ಮೀಟರ್. 10 ಮೀಟರ್ ದಾಟಿದರೆ ಪೆಡಸು ಎಂದು ಹೃದ್ರೋಗ ತಜ್ಞರು ಗುರುತು ಹಾಕಿಕೊಂಡಿದ್ದಾರೆ. ಕುತ್ತಿಗೆಯ ನಾಡಿ, ತೊಡೆಸಂದಿಯ ನಾಡಿ ಎರಡಕ್ಕೂ ಸೆನ್ಸರ್ ಇಟ್ಟು, ಅಲೆ ಒಂದನ್ನು ಮುಟ್ಟುವುದಕ್ಕೂ ಇನ್ನೊಂದನ್ನು ಮುಟ್ಟುವುದಕ್ಕೂ ನಡುವಿನ ಹೊತ್ತಿನ ವ್ಯತ್ಯಾಸ ಲೆಕ್ಕಹಾಕುತ್ತಾರೆ. ಅರ್ಧ ಮೀಟರ್ ದಾರಿಯನ್ನು ಅಲೆ 0.05 ಸೆಕೆಂಡಿನಲ್ಲಿ ದಾಟಿದರೆ ವೇಗ 10. ಹೀಗೆ ಓಡಿದ ಅಲೆ ದೂರದ ಕವಲುಗಳಿಗೆ ತಾಗಿ ಬೇಗ ಹಿಂದಿರುಗುತ್ತದೆ, ಹೃದಯ ಇನ್ನೂ ಹಿಂಡುತ್ತಿರುವಾಗಲೇ ಎದುರು ಬಂದು ಡಿಕ್ಕಿ ಹೊಡೆಯುತ್ತದೆ. ಬಿಪಿಯ ಮೇಲಿನ ಅಂಕಿ ಏರುತ್ತದೆ. ಹಿಡಿದಿಟ್ಟುಕೊಂಡ ರಕ್ತ ಕಡಿಮೆಯಾದ್ದರಿಂದ ಕೆಳಗಿನ ಅಂಕಿ ಇಳಿಯುತ್ತದೆ.

ಕೊನೆ ಭಾಗಕ್ಕೆ ತಲುಪುವ ಪೆಟ್ಟು

ದೊಡ್ಡ ನಾಳ ನುಂಗಿಕೊಳ್ಳಬೇಕಿದ್ದ ಪೆಟ್ಟು ಈಗ ಸಣ್ಣ ನಾಳಗಳವರೆಗೂ ಹೋಗುತ್ತದೆ. ಬಡಿತ ಬಡಿತಕ್ಕೂ ಆ ಪೆಟ್ಟು ತಿಂದ ಒಳಪದರ ಸೊರಗುತ್ತದೆ, ನೈಟ್ರಿಕ್ ಆಕ್ಸೈಡ್ ತಯಾರಿ ಕುಗ್ಗುತ್ತದೆ. ಪೆಟ್ಟು ತಾಳಿಕೊಳ್ಳಲೆಂದು ಸಣ್ಣ ನಾಳದ ಗೋಡೆ ದಪ್ಪವಾಗುತ್ತದೆ, ಒಳದಾರಿ ಕಿರಿದಾಗುತ್ತದೆ. ನೈಟ್ರಿಕ್ ಆಕ್ಸೈಡ್ ಕಡಿಮೆಯಾದರೆ ಗೋಡೆಯ ಸ್ನಾಯು ಸದಾ ಬಿಗಿದುಕೊಂಡಿರುತ್ತದೆ, ಅದರಿಂದ ಪೆಡಸು ಇನ್ನಷ್ಟು ಹೆಚ್ಚುತ್ತದೆ. ಒಂದು ಇನ್ನೊಂದನ್ನು ತಳ್ಳುವ ಗಾಣ ಇದು.

ಕೆಆರ್‌ಎಸ್ ತುಂಬಿದ ವರ್ಷವೂ ವಿ.ಸಿ. ನಾಲೆಯ ಕೊನೆ ಭಾಗದ ರೈತರ ಗೋಳು ಮಂಡ್ಯದವರಿಗೆ ಹೊಸದೇನಲ್ಲ. ಮೇಲೆ ಎಲ್ಲಿ ನೀರು ಸೋರಿದರೂ ಎಲ್ಲಿ ಹೂಳು ಕೂತರೂ ಮೊದಲು ಒಣಗುವುದು ಕೊನೆಯ ಗದ್ದೆ. ದೇಹದಲ್ಲೂ ಅಳತೆ ಹಾಗೇ ಇದೆ. ಶಿಶ್ನಕ್ಕೆ ರಕ್ತ ಕೊಡುವ ನಾಳದ ಅಗಲ 1ರಿಂದ 2 ಮಿ.ಮೀ. ಹೃದಯದ್ದು 3ರಿಂದ 4, ಮಿದುಳಿಗೆ ಹೋಗುವ ಕುತ್ತಿಗೆಯ ನಾಳದ್ದು 5ರಿಂದ 7, ತೊಡೆಯದ್ದು 6ರಿಂದ 8. ಅಷ್ಟೇ ಹಾಳಾದರೂ ಸಣ್ಣ ನಾಳ ಮೊದಲು ಕೈಕೊಡುತ್ತದೆ, ದೊಡ್ಡದು ಇನ್ನೂ ಕೆಲವು ವರ್ಷ ತಳ್ಳುತ್ತದೆ. ಇಟಲಿಯ ಪಿಯೆರೊ ಮೊಂಟೊರ್ಸಿ ಮತ್ತು ಸಂಗಡಿಗರು 2005ರಲ್ಲಿ ಈ ವಿವರಣೆಯನ್ನು ಮುಂದಿಟ್ಟರು. ಹೃದಯದ ತೊಂದರೆ ಕಾಣಿಸಿಕೊಳ್ಳುವುದಕ್ಕೆ ಸಾಮಾನ್ಯವಾಗಿ 2ರಿಂದ 5 ವರ್ಷ ಮೊದಲೇ ನಿಮಿರುವಿಕೆಯ ತೊಂದರೆ ಶುರುವಾಗಿರುತ್ತದೆ ಎಂಬ ಲೆಕ್ಕ ಇದಕ್ಕೆ ಹೊಂದುತ್ತದೆ. ಅಮೆರಿಕದ ಓಲ್ಮ್‌ಸ್ಟೆಡ್ ಕೌಂಟಿಯ ಗಂಡಸರ ಬಗ್ಗೆ 2009ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಮುಖ್ಯ ಅಂಶ ತೋರಿಸಿತು. ಈ ಎಚ್ಚರಿಕೆಗೆ ಅತಿ ಹೆಚ್ಚು ಬೆಲೆ ಇರುವುದು 40ರಿಂದ 49ರ ವಯಸ್ಸಿನವರಲ್ಲಿ. 70 ದಾಟಿದವರಲ್ಲಿ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ‘ಈ ವಯಸ್ಸಿಗೆ ಟೆನ್ಷನ್ ಇರುತ್ತೆ ಬಿಡಿ’ ಎಂದು ನಲವತ್ತೈದರವನಿಗೆ ಹೇಳಿ ಕಳಿಸುವುದು ಅದಕ್ಕೇ ತಪ್ಪು.

ಪೆಡಸೊಂದೇ ಕಾರಣ ಎಂದು ಹೇಳಿದರೆ ಮಾತು ಅತಿಯಾಗುತ್ತದೆ. ನಾಡಿಯ ಅಲೆಯ ವೇಗ ಹೆಚ್ಚಿದವರಲ್ಲಿ ನಿಮಿರುವಿಕೆಯ ತೊಂದರೆಯೂ ಹೆಚ್ಚು ಎಂಬುದು ಮತ್ತೆ ಮತ್ತೆ ಕಂಡುಬಂದಿದೆ. ಆದರೆ ಬಿಪಿ, ಶುಗರ್, ತಂಬಾಕು, ಹೊಟ್ಟೆಯ ಬೊಜ್ಜು ಎರಡಕ್ಕೂ ಒಟ್ಟಿಗೆ ಬೇರು. ಶಿಶ್ನದೊಳಗಿನ ಸ್ಪಂಜು ಕೂಡ ಅದೇ ಹಾದಿ ಹಿಡಿಯುತ್ತದೆ. ರಕ್ತ ಕಡಿಮೆಯಾಗಿ ಆಮ್ಲಜನಕ ಸಿಗದೆ ಅಲ್ಲಿನ ಸ್ನಾಯು ಕರಗಿ ಕೊಲಾಜೆನ್ ತುಂಬಿಕೊಂಡರೆ ಗೂಡುಗಳು ಪೂರ್ತಿ ಉಬ್ಬುವುದಿಲ್ಲ, ಸಿರೆಗಳು ಪೂರ್ತಿ ಮುಚ್ಚುವುದಿಲ್ಲ. ‘ಬರುತ್ತೆ, ನಿಲ್ಲೋದಿಲ್ಲ’ ಎಂದು ಅನೇಕರು ಹೇಳುವುದು ಇದನ್ನೇ.

ಎಲ್ಲವೂ ರಕ್ತನಾಳದ್ದೂ ಅಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಶುರುವಾಗಿ, ಬೆಳಗಿನ ಜಾವದ ನಿಮಿರು ಮಾತ್ರ ಎಂದಿನಂತೆ ಇದ್ದರೆ ಮನಸ್ಸಿನ ಕಾರಣದ ಸಂಭವ ಹೆಚ್ಚು. ತಿಂಗಳುಗಳಲ್ಲಿ ನಿಧಾನವಾಗಿ ಕುಗ್ಗಿ, ಬೆಳಗಿನ ನಿಮಿರೂ ಮರೆಯಾಗುತ್ತ ಬಂದರೆ ರಕ್ತನಾಳದ ಕಡೆ ನೋಡಬೇಕು. ಸಕ್ಕರೆ ಕಾಯಿಲೆಯಲ್ಲಿ ನರವೂ ಸೇರಿಕೊಳ್ಳುತ್ತದೆ. ಆಸೆಯೇ ಕಡಿಮೆಯಾಗಿದ್ದರೆ ಟೆಸ್ಟೋಸ್ಟೆರಾನ್ ನೋಡಬೇಕು, ಅದೂ ಬೆಳಗ್ಗೆ ತೆಗೆದ ರಕ್ತದಲ್ಲಿ, ಕಡಿಮೆ ಬಂದರೆ ಇನ್ನೊಂದು ದಿನ ಮತ್ತೊಮ್ಮೆ. ಹಳೆಯ ಬಿಪಿ ಮಾತ್ರೆಗಳಲ್ಲಿ ಅಟೆನೊಲಾಲ್‌ನಂಥವು, ಮೂತ್ರ ಹೆಚ್ಚಿಸುವ ಥಯಾಜೈಡ್‌ಗಳು, ಕೆಲವು ಖಿನ್ನತೆಯ ಮಾತ್ರೆಗಳು ನಿಮಿರನ್ನು ಕುಗ್ಗಿಸಬಲ್ಲವು. ಹಾಗೆಂದು ಬಿಪಿ ಮಾತ್ರೆಯನ್ನು ತಾನಾಗಿ ನಿಲ್ಲಿಸಬಾರದು. ಬದಲಿ ಕೇಳಿ ಪಡೆಯಬಹುದು. ಟೆಲ್ಮಿಸಾರ್ಟನ್, ಲೊಸಾರ್ಟನ್ ಗುಂಪಿನವು ಈ ವಿಷಯದಲ್ಲಿ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ.

ಮನೆಯಲ್ಲೇ ಸಿಗುವ ಸುಳಿವು

ನಾಡಿಯ ಅಲೆ ಅಳೆಯುವ ಯಂತ್ರ ಎಲ್ಲ ಕ್ಲಿನಿಕ್‌ನಲ್ಲೂ ಇರುವುದಿಲ್ಲ. ಬಿಪಿ ಯಂತ್ರ ಈಗ ಬಹಳ ಮನೆಗಳಲ್ಲಿದೆ. ಮೇಲಿನ ಅಂಕಿಯಿಂದ ಕೆಳಗಿನದನ್ನು ಕಳೆಯಿರಿ. 120/80 ಇದ್ದರೆ ಅಂತರ 40. 158/72 ಇದ್ದರೆ ಅಂತರ 86. ಅಂತರ ಸದಾ 60ಕ್ಕಿಂತ ಹೆಚ್ಚಿದ್ದರೆ ದೊಡ್ಡ ನಾಳ ಪೆಡಸಾಗಿರುವ ಸಾಧ್ಯತೆ ಜಾಸ್ತಿ. ‘ಕೆಳಗಿನದು ಕಡಿಮೆ ಇದೆಯಲ್ಲ, ಒಳ್ಳೇದೇ’ ಎಂದು ಸಮಾಧಾನಪಡುವವರಿದ್ದಾರೆ. ಮೇಲಿನದು ಏರಿ ಕೆಳಗಿನದು ಇಳಿದಿದ್ದರೆ ಅದು ಒಳ್ಳೆಯ ಲಕ್ಷಣವಲ್ಲ.

ಅಳತೆ ಸರಿಯಿಲ್ಲದಿದ್ದರೆ ಲೆಕ್ಕವೂ ಸುಳ್ಳು. ಅಳೆಯುವ ಅರ್ಧ ಗಂಟೆ ಮುಂಚೆ ಕಾಫಿ, ಬೀಡಿ, ಎಲೆಅಡಿಕೆ ಬೇಡ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಎರಡೂ ಪಾದ ನೆಲಕ್ಕೂರಿ 5 ನಿಮಿಷ ಮಾತಿಲ್ಲದೆ ಕೂರಬೇಕು. ಕೈ ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. ಪಟ್ಟಿಯನ್ನು ಅಂಗಿಯ ತೋಳಿನ ಮೇಲೆ ಕಟ್ಟದೆ ಬರಿ ತೋಳಿಗೆ ಕಟ್ಟಬೇಕು. ಒಂದು ನಿಮಿಷ ಬಿಟ್ಟು ಎರಡು ಸಲ ಅಳೆದು ಸರಾಸರಿ ಬರೆದಿಡಬೇಕು. ಬೆಳಗ್ಗೆ, ಸಂಜೆ ಹೀಗೆ ಒಂದು ವಾರ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಅಂಕಿ ಸುಳ್ಳಾಗಿ ಏರುತ್ತದೆ, ಹಾಗಾಗಿ ಯಂತ್ರ ಕೊಳ್ಳುವಾಗಲೇ ಪಟ್ಟಿಯ ಅಳತೆ ನೋಡಿ.

ಜೊತೆಗೆ ಹೊಕ್ಕುಳ ಮಟ್ಟದಲ್ಲಿ ಹೊಟ್ಟೆಯ ಸುತ್ತಳತೆ. ಭಾರತದ ಗಂಡಸರಿಗೆ ಮಿತಿ 90 ಸೆಂ.ಮೀ. ರಕ್ತದಲ್ಲಿ ಎಚ್‌ಬಿಎ1ಸಿ (6.5 ಮುಟ್ಟಿದರೆ ಸಕ್ಕರೆ ಕಾಯಿಲೆ, 5.7ರಿಂದ 6.4 ಹೊಸ್ತಿಲು), ಕೊಲೆಸ್ಟೆರಾಲ್, ಮೂತ್ರಪಿಂಡದ ಸ್ಥಿತಿ ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್. ಒಂದು ಇಸಿಜಿ. ಕಾಲಿನ ಬಿಪಿಯನ್ನು ಕೈಯ ಬಿಪಿಯಿಂದ ಭಾಗಿಸಿ ನೋಡುವ ಪರೀಕ್ಷೆಯೂ ಉಪಯುಕ್ತ. 0.9ಕ್ಕಿಂತ ಕಡಿಮೆ ಬಂದರೆ ಕಾಲಿನ ನಾಳದಲ್ಲಿ ಅಡ್ಡಿ, 1.4 ದಾಟಿದರೆ ನಾಳವೇ ಅಮುಕಲಾರದಷ್ಟು ಪೆಡಸು. ದೀರ್ಘಕಾಲದ ಶುಗರ್ ಇದ್ದವರಲ್ಲಿ ಎರಡನೆಯದು ಅಪರೂಪವಲ್ಲ. ಶಿಶ್ನದ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಎಲ್ಲರಿಗೂ ಬೇಕಿಲ್ಲ. ಮಾಡಿದರೆ, ನಿಮಿರಿಸುವ ಚುಚ್ಚುಮದ್ದು ಕೊಟ್ಟ ಮೇಲೆ ರಕ್ತದ ವೇಗ ಸೆಕೆಂಡಿಗೆ 25 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಒಳಬರುವ ನಾಳದಲ್ಲೇ ತೊಂದರೆ ಎಂದರ್ಥ.

ಮಾತ್ರೆ, ಪುಡಿ, ನಡಿಗೆ

ಸಿಲ್ಡೆನಫಿಲ್, ಟಡಾಲಫಿಲ್ ಮಾಡುವ ಕೆಲಸ ಒಂದೇ. ಸೈಕ್ಲಿಕ್ ಜಿಎಂಪಿಯನ್ನು ಒಡೆಯುವ ಕಿಣ್ವವನ್ನು ತಡೆಹಿಡಿಯುತ್ತವೆ. ನೈಟ್ರಿಕ್ ಆಕ್ಸೈಡ್ ಸ್ವಲ್ಪವಾದರೂ ಹುಟ್ಟಿದ್ದರೆ ತಾನೇ ಉಳಿಸಿಕೊಳ್ಳುವ ಮಾತು? ಆಸೆ, ಸ್ಪರ್ಶ ಇಲ್ಲದೆ ಮಾತ್ರೆಯೊಂದೇ ಏನೂ ಮಾಡದು. ಒಳಪದರ ತೀರಾ ಸೊರಗಿದವರಿಗೆ ಅರ್ಧಂಬರ್ಧ ಕೆಲಸ ಮಾಡುವುದೂ ಅದಕ್ಕೇ. ‘ಮಾತ್ರೆ ಹಿಡಿಯಲಿಲ್ಲ’ ಎನ್ನುವವರಲ್ಲಿ ಬಹಳ ಜನ ತಪ್ಪುವುದು ಬಳಕೆಯಲ್ಲಿ. ಸಿಲ್ಡೆನಫಿಲ್ ಅನ್ನು ಸುಮಾರು ಒಂದು ಗಂಟೆ ಮುಂಚೆ ನುಂಗಬೇಕು. ಬಿರಿಯಾನಿ, ಬಾಡೂಟದಂಥ ಜಿಡ್ಡಿನ ಊಟದ ಮೇಲೆ ನುಂಗಿದರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಟಡಾಲಫಿಲ್‌ಗೆ ಊಟದ ಗೊಡವೆಯಿಲ್ಲ, ಪರಿಣಾಮ 36 ಗಂಟೆಯವರೆಗೂ ಇರುತ್ತದೆ. ಒಂದೇ ಸಲ ನೋಡಿ ಕೈಬಿಡದೆ ಬೇರೆ ಬೇರೆ ದಿನ ಆರೇಳು ಸಲ ನೋಡಬೇಕು. ಪ್ರಮಾಣ ಹೇಳಬೇಕಾದವರು ವೈದ್ಯರು. ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುವಂತಿಲ್ಲದ ಮಾತ್ರೆ ಇದು.

ಜೀವಕ್ಕೆ ಅಪಾಯ ತರುವ ಜೋಡಿ ಒಂದಿದೆ. ಎದೆನೋವಿಗೆ ನಾಲಿಗೆ ಅಡಿ ಇಡುವ ಸಾರ್ಬಿಟ್ರೇಟ್ ಮತ್ತು ಅದರ ಗುಂಪಿನ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಇವನ್ನು ಮುಟ್ಟಲೇಬಾರದು. ನೈಟ್ರೇಟ್ ನೈಟ್ರಿಕ್ ಆಕ್ಸೈಡನ್ನು ಸುರಿಯುತ್ತದೆ, ಈ ಮಾತ್ರೆ ಅದರ ಪರಿಣಾಮ ಇಳಿಯದಂತೆ ತಡೆಯುತ್ತದೆ, ಬಿಪಿ ಕುಸಿದು ಮನುಷ್ಯ ಬಿದ್ದುಬಿಡುತ್ತಾನೆ. ಸಿಲ್ಡೆನಫಿಲ್ ನುಂಗಿದ ಮೇಲೆ 24 ಗಂಟೆ, ಟಡಾಲಫಿಲ್ ಆದರೆ 48 ಗಂಟೆ ನೈಟ್ರೇಟ್ ಕೂಡದು. ಆ ನಡುವೆ ಎದೆನೋವು ಬಂದು ಆಸ್ಪತ್ರೆಗೆ ಹೋದರೆ ಏನು ನುಂಗಿದ್ದು, ಎಷ್ಟು ಹೊತ್ತಿಗೆ ನುಂಗಿದ್ದು ಎಂದು ಮೊದಲ ಮಾತಿನಲ್ಲೇ ಹೇಳಬೇಕು. ಪಕ್ಕದಲ್ಲಿ ಯಾರೇ ಇರಲಿ, ನಾಚಿಕೊಂಡು ಮುಚ್ಚಿಡಬಾರದು. ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವವರೂ ಮೊದಲೇ ತಿಳಿಸಬೇಕು. ನಿಮಿರು 4 ಗಂಟೆ ಕಳೆದರೂ ಇಳಿಯದಿದ್ದರೆ ತಕ್ಷಣ ಆಸ್ಪತ್ರೆ, ಬೆಳಗಾಗಲಿ ಎಂದು ಕಾಯುವಂತಿಲ್ಲ.

‘ಬರಿ ಗಿಡಮೂಲಿಕೆ’ ಎಂದು ಮಾರುವ ಪುಡಿ, ಗುಳಿಗೆಗಳಲ್ಲಿ ಸಿಲ್ಡೆನಫಿಲ್ ಬೆರೆಸಿರುವುದು ಹಲವು ದೇಶಗಳ ತಪಾಸಣೆಯಲ್ಲಿ ಸಿಕ್ಕಿಬಿದ್ದಿದೆ. ಮೊದಲ ಡೋಸಿಗೇ ಕೆಲಸ ಮಾಡಿದರೆ ಮೆಚ್ಚುವ ಬದಲು ಅನುಮಾನಪಡಬೇಕು. ಪ್ರಮಾಣ ಗೊತ್ತಿಲ್ಲದ ಆ ಪುಡಿ ಹೊಟ್ಟೆಯಲ್ಲಿರುವಾಗ ಸಾರ್ಬಿಟ್ರೇಟ್ ಇಟ್ಟರೆ ಏನಾಗಬಹುದು ಎಂಬುದು ಮೇಲೆಯೇ ಇದೆ.

ಮಾತ್ರೆ ಆ ಹೊತ್ತಿಗೆ ನೆರವಾಗುತ್ತದೆ, ನಾಳದ ಗೋಡೆಗೆ ನೆರವಾಗುವುದು ನಡಿಗೆ. ವಾರಕ್ಕೆ 4 ದಿನ, ದಿನಕ್ಕೆ 40 ನಿಮಿಷ, 6 ತಿಂಗಳು. ರಕ್ತನಾಳದ ಕಾರಣದಿಂದ ತೊಂದರೆ ಬಂದವರಿಗೆ ನಿಮಿರು ಸುಧಾರಿಸಲು ಅಧ್ಯಯನಗಳಿಂದ ದೊರೆತ ಅಳತೆ ಇದು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಹರಟುತ್ತ ಹೆಜ್ಜೆ ಹಾಕಿದರೆ ಸಾಲದು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು ಬೇಕು. ಸಮತಟ್ಟು ದಾರಿಯಲ್ಲಿ 1.6 ಕಿ.ಮೀ. ದೂರವನ್ನು 20 ನಿಮಿಷದಲ್ಲಿ ಎದೆನೋವು, ಏದುಸಿರು ಇಲ್ಲದೆ ನಡೆಯಬಲ್ಲವರ ಹೃದಯ ಸಂಭೋಗದ ಶ್ರಮವನ್ನೂ ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಅದೂ ಆಗದವರು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿನ ಹುಮ್ಮಸ್ಸನ್ನು ಪಕ್ಕಕ್ಕಿಟ್ಟು ಮೊದಲು ಹೃದಯ ತೋರಿಸಬೇಕು. ನಡಿಗೆ, ಊಟದ ಹತೋಟಿಯಿಂದ ತೂಕ ಇಳಿಸಿದ ಬೊಜ್ಜಿನ ಗಂಡಸರಲ್ಲಿ ಎರಡು ವರ್ಷಕ್ಕೆ ಸುಮಾರು ಮೂರರಲ್ಲಿ ಒಬ್ಬರಿಗೆ ನಿಮಿರು ಮರಳಿತ್ತು ಎಂದು 2004ರ ಇಟಲಿಯ ಅಧ್ಯಯನ ತೋರಿಸಿದೆ. ಮಾತ್ರೆಯಿಲ್ಲದೆ ಇಷ್ಟಾಗುವುದು ಸಣ್ಣ ಸಂಗತಿಯಲ್ಲ.

ತಂಬಾಕಿನ ವಿಷಯದಲ್ಲಿ ನಮ್ಮ ಕಡೆ ಒಂದು ಭ್ರಮೆ ಇದೆ. ಬೀಡಿ ಬಿಟ್ಟವರು ಎಲೆಅಡಿಕೆಗೆ ಕಡ್ಡಿಪುಡಿ ಹಾಕಿಕೊಂಡು ‘ಹೊಗೆ ಇಲ್ವಲ್ಲ’ ಎನ್ನುತ್ತಾರೆ. ಹೊಗೆಯ ಹಾನಿ ತಪ್ಪಿದರೂ ಕಡ್ಡಿಪುಡಿಯ ನಿಕೋಟಿನ್ ನಾಳವನ್ನು ಬಿಗಿಯುವುದು ತಪ್ಪುವುದಿಲ್ಲ.

ಉಪ್ಪಿನ ಲೆಕ್ಕಕ್ಕೆ ತಕ್ಕಡಿ ಬೇಡ, ಪ್ಯಾಕೆಟ್ ಸಾಕು. ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ. ಒಂದು ಕೆ.ಜಿ. ಪ್ಯಾಕೆಟ್ ತಿಂಗಳಿಗೆ ಖಾಲಿಯಾಗುತ್ತಿದ್ದರೆ ತಲೆಗೆ ದಿನಕ್ಕೆ 8 ಗ್ರಾಂ ಮೀರಿತು. ಹೋಟೆಲಿನ ತಿಂಡಿ, ಅಂಗಡಿಯ ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ ಇದರ ಮೇಲೆ. ಮುದ್ದೆಗೆ ಉಪ್ಪು ಹಾಕದಿದ್ದರೂ ಸಾರಿನಲ್ಲಿ ಅದು ಬಂದೇ ಬರುತ್ತದೆ. ಕಡಿಮೆ ಮಾಡಬೇಕಾದ್ದು ಸಾರಿನಲ್ಲಿ.

ತೋರಿಸಲು ಮೊದಲೇ ದೊಡ್ಡ ತಜ್ಞರು ಬೇಕಿಲ್ಲ. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ಅಥವಾ ಯಾವಾಗಲೂ ಹೋಗುವ ಕ್ಲಿನಿಕ್‌ನ ಫಿಜಿಶಿಯನ್ ಸಾಕು. ಅಗತ್ಯವಿದ್ದರೆ ಅವರೇ ಯೂರಾಲಜಿಗೋ ಹೃದಯಕ್ಕೆ ಜಯದೇವಕ್ಕೋ ಬರೆದುಕೊಡುತ್ತಾರೆ. ಒಳಗೆ ಹೋಗಿ ‘ಸುಸ್ತು, ವೀಕ್‌ನೆಸ್’ ಎಂದರೆ ಬಿ ಕಾಂಪ್ಲೆಕ್ಸ್ ಸಿಕ್ಕೀತು. ‘ಡಾಕ್ಟ್ರೇ, ಆರು ತಿಂಗಳಿಂದ ಸರಿಯಾಗಿ ನಿಮಿರ್ತಿಲ್ಲ, ಬೆಳಗಿನ ಜಾವಾನೂ ಇಲ್ಲ’ ಎಂದು ಬಿಡಿಸಿ ಹೇಳಿದರೆ ಸರಿಯಾದ ಪರೀಕ್ಷೆ ಶುರುವಾಗುತ್ತದೆ. ಮನೆಯವರು ಜೊತೆಗಿದ್ದರೆ ಇನ್ನೂ ಒಳ್ಳೆಯದು, ಯಾವಾಗಿನಿಂದ ಎಂಬುದು ಅನೇಕ ಸಲ ಅವರಿಗೇ ಸರಿಯಾಗಿ ನೆನಪಿರುತ್ತದೆ. ಒಂದು ವಾರದ ಬಿಪಿ ಬರೆದ ಹಾಳೆ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳು ಒಂದು ಕವರಿನಲ್ಲಿರಲಿ. ಲಾಡ್ಜಿನ ರೂಮಿನಿಂದ ತಂದ ಪುಡಿಯ ಡಬ್ಬಿ ಮನೆಯಲ್ಲಿದ್ದರೆ ಅದನ್ನೂ ಅದೇ ಕವರಿಗೆ ಹಾಕಿ, ವೈದ್ಯರ ಮೇಜಿನ ಮೇಲಿಡಿ.